ವಿಸಿಟ್ ವೀಸಾಕ್ಕೆ ಗ್ಯಾರಂಟಿ ಕೊಡುವವರ ಜಾಹೀರಾತು ನಿಲ್ಲಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ವರ್ಗೀಕೃತ ಜಾಹೀರಾತುಗಳಲ್ಲಿ, ಬಾಡಿಗೆ ಮನೆ ಮತ್ತು ಬೋರ್‌ವೆಲ್ ಪಾಯಿಂಟ್ ನೋಡಿಕೊಡುವವರ ನಡುವೆ, ಕೆಲವು ತಿಂಗಳಿಂದ ಒಂದು ಚೌಕ ತಪ್ಪದೆ ಬರುತ್ತಿದೆ. ಅಮೆರಿಕದಲ್ಲಿರುವ ಗಂಡ ಅಥವಾ ಹೆಂಡತಿಯ ಬಳಿ ಹೋಗಲು ವಿಸಿಟ್ ವೀಸಾ, ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಫೈಲು ಪೆಂಡಿಂಗ್ ಇದ್ದರೂ ಚಿಂತೆ ಬೇಡ, ನೂರಕ್ಕೆ ನೂರು ಗ್ಯಾರಂಟಿ ಎಂದು ಅದರಲ್ಲಿ ಬರೆದಿದೆ. ಕೆಳಗೊಂದು ಮೊಬೈಲ್ ನಂಬರು. ಕಚೇರಿಯ ಹೆಸರಿಲ್ಲ, ವಿಳಾಸವೂ ಇಲ್ಲ. ಈ ಜಾಹೀರಾತನ್ನು ನಿಲ್ಲಿಸಿ ಎಂದು ಕೇಳುವುದಕ್ಕೇ ಈ ಪತ್ರ. ಕಾರಣ ಹೇಳಬೇಕಾದರೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ಜಾಗವಿಲ್ಲವೆಂದು ಅರ್ಧಕ್ಕೆ ಕತ್ತರಿಸಬೇಡಿ, ಎರಡು ಕಂತಾದರೂ ಅಡ್ಡಿಯಿಲ್ಲ.

ನಾನು ಕಾಪು ತಾಲೂಕಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡುವವನು. ಹೆಂಡತಿ ಶಿಕಾಗೊ ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ಗಂಡ ಪರದೇಶದಲ್ಲಿ, ಹೆಂಡತಿ ಊರಲ್ಲಿ ಎಂದರೆ ನಮ್ಮ ಜಿಲ್ಲೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಅಂಥ ಮನೆ ಪ್ರತಿ ಓಣಿಯಲ್ಲೂ ಇದೆ. ಅದು ಉಲ್ಟಾ ಆದರೆ ಮಾತ್ರ ಜನರಿಗೆ ನಿದ್ದೆ ಬರುವುದಿಲ್ಲ. ಮೀನು ಮಾರ್ಕೆಟಿನಲ್ಲಿ, ಮದುವೆ ಹಾಲಿನಲ್ಲಿ, ನೇಮದ ಗದ್ದೆಯಲ್ಲಿ, ಎಲ್ಲಿ ಹೋದರೂ "ಎಂತ ಮಾಷ್ಟ್ರೇ, ಅವ್ರು ಇನ್ನೂ ಕರೆಸಿಕೊಳ್ಳಲಿಲ್ವಾ?" ಎಂಬ ಪ್ರಶ್ನೆ ಕಾದಿರುತ್ತದೆ. ಕೇಳುವವರಲ್ಲಿ ಅರ್ಧದಷ್ಟು ಜನ ಕಳಕಳಿಯಿಂದಲೇ ಕೇಳುತ್ತಾರೆ, ಉಳಿದವರ ಧಾಟಿ ನನಗೆ ಗೊತ್ತಾಗುತ್ತದೆ. ಇಬ್ಬರಿಗೂ ಸೇರಿಸಿ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ.

ನನ್ನ ಹೆಂಡತಿ ಮೊದಲು ಕುವೈತ್‌ನಲ್ಲಿದ್ದವಳು. ಅಲ್ಲಿಂದಲೇ ನರ್ಸ್ ಹುದ್ದೆಯ ಆಧಾರದ ಮೇಲೆ ಅಮೆರಿಕಕ್ಕೆ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಗ್ರೀನ್ ಕಾರ್ಡ್ ಮೇಲೆ ಹೋದಳು. ನಮ್ಮ ಮದುವೆ ಆದದ್ದು ಆಮೇಲೆ. ಮೊದಲೇ ಆಗಿದ್ದರೆ ಅವಳ ಅರ್ಜಿಯ ಜತೆಗೇ ಗಂಡನೆಂದು ನಾನೂ ಸೇರಿಕೊಳ್ಳುತ್ತಿದ್ದೆ, ಪ್ರತ್ಯೇಕ ಸಾಲು ಇರುತ್ತಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಮದುವೆಯಾದವರಿಗೆ ಬೇರೆ ಸಾಲು. ಅವಳು ನನ್ನ ಪರವಾಗಿ ಐ-130 ಎಂಬ ಪಿಟಿಷನ್ ಹಾಕಬೇಕು, ಅದು ತಲುಪಿದ ದಿನವೇ ನನ್ನ ಸರದಿಯ ದಿನಾಂಕ. ಈ ಸಾಲಿನ ಹೆಸರು ಎಫ್2ಎ. ಗ್ರೀನ್ ಕಾರ್ಡ್ ಇದ್ದವರ ಗಂಡ, ಹೆಂಡತಿ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳು, ಇಡೀ ಜಗತ್ತಿನವರೆಲ್ಲ ಸೇರಿ ವರ್ಷಕ್ಕೆ ಸುಮಾರು 88 ಸಾವಿರ ವೀಸಾ. ಪ್ರತಿ ತಿಂಗಳು ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ಬುಲೆಟಿನ್ ಹೊರಡಿಸುತ್ತದೆ, ಯಾವ ದಿನಾಂಕದವರೆಗಿನವರ ಸರದಿ ಬಂತೆಂದು ಅದರಲ್ಲಿರುತ್ತದೆ. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಈ ಸಾಲಿನಲ್ಲಿ ಕಾಯುವುದೇ ಇರಲಿಲ್ಲ. 2023ರ ಏಪ್ರಿಲ್ ಬುಲೆಟಿನ್‌ನಲ್ಲಿ ದಿನಾಂಕ ಒಮ್ಮೆಲೇ 2020ರ ಸೆಪ್ಟೆಂಬರ್‌ಗೆ ಹಿಂದೆ ಸರಿಯಿತು. ನಮ್ಮ ಅರ್ಜಿ ಹೋದದ್ದು ಅದಾದ ಮೇಲೆ. ಇದರಲ್ಲಿ ನನ್ನ ಹೆಂಡತಿಯ ಮನಸ್ಸಿಗಾಗಲಿ ನನ್ನ ಯೋಗ್ಯತೆಗಾಗಲಿ ಸಂಬಂಧವಿಲ್ಲ.

ಸರಿ, ಅಲ್ಲಿಯವರೆಗೆ ಹೋಗಿ ನೋಡಿಕೊಂಡಾದರೂ ಬನ್ನಿ ಎನ್ನುತ್ತಾರೆ. ಜಾಹೀರಾತಿನವರು ಬಲೆ ಬೀಸಿರುವುದು ಸರಿಯಾಗಿ ಇಲ್ಲೇ.

ಕರಾವಳಿಯವರಿಗೆ ವಿಸಿಟ್ ವೀಸಾ ಎಂದರೆ ಗಲ್ಫಿನದ್ದು. ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಗಂಡ ಅಲ್ಲಿಂದಲೇ ವೀಸಾ ಮಾಡಿಸಿ ಕಳಿಸುತ್ತಾನೆ, ಹೆಂಡತಿ ಮಕ್ಕಳು ಬಜ್ಪೆಯಲ್ಲಿ ವಿಮಾನ ಹತ್ತಿ ಒಂದೆರಡು ತಿಂಗಳು ಇದ್ದು ಬರುತ್ತಾರೆ. ಕರೆಸಿಕೊಳ್ಳುವವನ ಕಾಗದಪತ್ರ ಸರಿಯಿದ್ದರೆ ಮುಗಿಯಿತು. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಹೆಂಡತಿಯ ಸಂಬಳ ಎಷ್ಟಿದ್ದರೂ ಅವಳ ಆಹ್ವಾನಪತ್ರ ನನ್ನನ್ನು ದಾಟಿಸುವುದಿಲ್ಲ. 1952ರ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬನೂ ಅಲ್ಲೇ ನೆಲೆಸಲು ಬರುವವನು ಎಂದೇ ಮೊದಲು ಹಿಡಿಯಲಾಗುತ್ತದೆ. ಅಲ್ಲ ಎಂದು ಒಪ್ಪಿಸುವ ಹೊಣೆ ಅವನದ್ದು. ಕೆಲಸದ ಮೇಲೆ ಹೋಗುವ ಎಚ್-1ಬಿ, ಎಲ್-1 ವೀಸಾದವರಿಗೆ ಇದರಿಂದ ವಿನಾಯಿತಿ ಇದೆ. ಬಿ-2 ಎಂಬ ಪ್ರವಾಸಿ ವೀಸಾದವರಿಗೆ ಇಲ್ಲ.

ಈಗ ನನ್ನಂಥವನ ಪಾಡು ನೋಡಿ. ಇವರು ಇಲ್ಲಿಗೆ ಬಂದು ನೆಲೆಸಲಿ ಎಂಬ ಅರ್ಜಿ ಆ ಸರ್ಕಾರದ ಒಂದು ಕಪಾಟಿನಲ್ಲಿ ಕೂತಿದೆ. ಅದೇ ಸರ್ಕಾರದ ಇನ್ನೊಂದು ಕಿಟಕಿಯ ಮುಂದೆ ನಿಂತು, ಸದ್ಯ ನೆಲೆಸಲು ಹೋಗುತ್ತಿಲ್ಲ, ರಜೆ ಮುಗಿದ ಕೂಡಲೇ ವಾಪಸ್ ಬರುತ್ತೇನೆ ಎಂದು ಹೇಳಬೇಕು. ಎರಡೂ ನಿಜ. ಮುಂದೊಂದು ದಿನ ಸರದಿ ಬಂದಾಗ ಹೋಗಿ ನೆಲೆಸುವ ಆಸೆಯೂ ನಿಜ, ಈ ಬೇಸಿಗೆಯಲ್ಲಿ ಹೋಗಿ ಶಾಲೆ ಶುರುವಾಗುವಷ್ಟರಲ್ಲಿ ಮರಳುವುದೂ ನಿಜ. ಪಿಟಿಷನ್ ಬಾಕಿ ಇರುವವರು ಭೇಟಿಗೆ ಬರಕೂಡದು ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ಅಧಿಕಾರಿಗೆ ನಂಬಿಕೆ ಬಂದರೆ ಕೊಡಬಹುದು, ಬಾರದಿದ್ದರೆ ಇಲ್ಲ. ಮೇಲ್ಮನವಿ ಇಲ್ಲ. ಬೇಕಾದರೆ ಮತ್ತೆ 185 ಡಾಲರ್ ಕಟ್ಟಿ ಹೊಸ ಅರ್ಜಿ ಹಾಕಬಹುದು. ನಮ್ಮ ದುಡ್ಡಿನಲ್ಲಿ ಅದು 15 ಸಾವಿರ ದಾಟುತ್ತದೆ, ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಇಂಥ ಕಡೆ ಗ್ಯಾರಂಟಿ ಕೊಡುವುದಕ್ಕೆ ಆ ಮೊಬೈಲ್ ನಂಬರಿನವರು ಯಾರು?

ಅವರು ಯಾವ ಧೈರ್ಯದ ಮೇಲೆ ಹಾಗೆ ಬರೆಯುತ್ತಾರೆ ಎಂಬುದನ್ನು ಅಂಥದೇ ಇನ್ನೊಬ್ಬರ ಕಚೇರಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಮಂಗಳೂರಿನಲ್ಲಿ, ಹಂಪನಕಟ್ಟೆಯ ಕಡೆ. ಗೋಡೆ ತುಂಬ ಬೇರೆ ಬೇರೆ ದೇಶದ ಬಾವುಟಗಳು, ಮೇಜಿನ ಮೇಲೆ ಗಾಜಿನ ಕೆಳಗೆ ವೀಸಾ ಸಿಕ್ಕವರ ಪಾಸ್‌ಪೋರ್ಟ್ ಪುಟದ ಕಲರ್ ಜೆರಾಕ್ಸುಗಳು. (ಬೇರೆಯವರ ಹೆಸರು, ಜನ್ಮದಿನಾಂಕ, ನಂಬರು ಎಲ್ಲ ಕಾಣುವ ಹಾಗೆ. ಆ ಹೊತ್ತಿಗೇ ಎದ್ದು ಬರಬಹುದಿತ್ತು.) ಹುಡುಗ ವಿನಯವಂತ. ಡಿಎಸ್-160 ಎಂಬ ವೀಸಾ ಅರ್ಜಿಯ ಫಾರ್ಮನ್ನು ಕಂಪ್ಯೂಟರಿನಲ್ಲಿ ತಾನೇ ತುಂಬುತ್ತಾ ಹೋದ. ನಿಮ್ಮ ಪರವಾಗಿ ಯಾರಾದರೂ ವಲಸೆ ಪಿಟಿಷನ್ ಸಲ್ಲಿಸಿದ್ದಾರೆಯೇ ಎಂಬ ಪ್ರಶ್ನೆ ಬಂದಾಗ ನನ್ನ ಕಡೆ ತಿರುಗದೆಯೇ, "ಇದಕ್ಕೆ ನೋ ಹಾಕುವ ಸರ್. ಯೆಸ್ ಹಾಕಿದ್ರೆ ಕಿಟಕಿಯಲ್ಲೇ ರಿಜೆಕ್ಟ್. ಅವರು ಎಲ್ಲಿ ನೋಡ್ತಾರೆ" ಎಂದ. ಪಿಟಿಷನ್ ಹಾಕಿರುವುದು ಅವರದೇ ಸರ್ಕಾರಕ್ಕಲ್ಲವಾ ಎಂದು ಕೇಳಿದೆ. "ಅದು ಬೇರೆ ಇಲಾಖೆ ಸರ್" ಎಂದ. ನಮ್ಮ ತಾಲೂಕು ಕಚೇರಿಯ ಅನುಭವದ ಮೇಲೆ ಅಮೆರಿಕವನ್ನು ಅಳೆಯುತ್ತಿದ್ದಾನೆಂದು ಕಾಣುತ್ತದೆ.

ಮುಂದೆ ಇನ್ನೂ ಒಂದು ಪ್ರಶ್ನೆ ಬರುತ್ತದೆ, ಈ ಫಾರ್ಮು ತುಂಬಲು ಯಾರಾದರೂ ಸಹಾಯ ಮಾಡಿದ್ದಾರೆಯೇ ಎಂದು. ಅದಕ್ಕೂ ಅವನು ಇಲ್ಲ ಎಂದೇ ಒತ್ತಿದ. ಅಂದರೆ ನಾಳೆ ಸಿಕ್ಕಿಬಿದ್ದರೆ ಅವನ ಹೆಸರು ಎಲ್ಲೂ ಇರುವುದಿಲ್ಲ, ಸಹಿ ಮಾತ್ರ ನನ್ನದು. ನಾನು ದುಡ್ಡು ಕೊಡದೆ ಎದ್ದು ಬಂದೆ, ಮನೆಯಲ್ಲಿ ಕೂತು ನಾನೇ ತುಂಬಿದೆ. ಫಾರ್ಮು ಉದ್ದವೇ ಹೊರತು ಕಷ್ಟದ್ದಲ್ಲ, ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಸಾಕು.

ಆ ಟಿಕ್ಕಿನ ಬೆಲೆ ಏನೆಂದು ಜಾಹೀರಾತು ಓದುವವರಿಗೆ ತಿಳಿಯಬೇಕು. ವೀಸಾಕ್ಕಾಗಿ ಮುಖ್ಯ ಸಂಗತಿಯೊಂದರ ಬಗ್ಗೆ ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ, ಅದೇ ಕಾನೂನಿನ 212ನೇ ಕಲಮಿನಡಿ ಜೀವನಪೂರ್ತಿ ಪ್ರವೇಶಕ್ಕೆ ತಡೆ. ಪ್ರವಾಸಿ ವೀಸಾ ಹೋಗಲಿ, ಎಷ್ಟೋ ವರ್ಷ ಕಾದ ಗ್ರೀನ್ ಕಾರ್ಡ್ ಕೂಡ ಅಲ್ಲಿಗೇ ನಿಲ್ಲುತ್ತದೆ. ಮಾಫಿ ಕೇಳುವ ಅರ್ಜಿ ಒಂದಿದೆ. ಅದಕ್ಕೆ ಅಲ್ಲಿರುವ ಗಂಡನಿಗೋ ಹೆಂಡತಿಗೋ ತೀವ್ರ ಸಂಕಷ್ಟ ಆಗುತ್ತದೆಂದು ದಾಖಲೆ ಸಮೇತ ಸಾಧಿಸಬೇಕು, ಕೊಡುವುದು ಬಿಡುವುದು ಅವರಿಷ್ಟ. ಇನ್ನೊಂದೆಡೆ, ನಿಜ ಬರೆದು ನಿರಾಕರಣೆಯಾದರೆ ನಷ್ಟ ಆ 185 ಡಾಲರ್ ಮತ್ತು ಚೆನ್ನೈಗೆ ಹೋಗಿ ಬಂದ ಖರ್ಚು ಮಾತ್ರ. ಸರದಿ ಇದ್ದಲ್ಲೇ ಇರುತ್ತದೆ. ಏಜೆಂಟರ ಬಾಯಲ್ಲಿ ಈ ಎರಡು ಒಂದೇ ತಕ್ಕಡಿಯಲ್ಲಿ ಕೂರುತ್ತವೆ.

ನನಗೂ ನಿರಾಕರಣೆಯಾಯಿತು. ಮಂಗಳೂರು ಸೆಂಟ್ರಲ್‌ನಿಂದ ಚೆನ್ನೈ ಮೇಲ್ ಹತ್ತಿ ಹೋಗಿ, ಮೊದಲ ದಿನ ಬೆರಳಚ್ಚು ಕೊಟ್ಟು, ಮರುದಿನ ಬೆಳಿಗ್ಗೆ ಅಣ್ಣಾ ಸಾಲೈಯಲ್ಲಿ ಜೆಮಿನಿ ಫ್ಲೈಓವರ್ ಪಕ್ಕದ ಕಾನ್ಸುಲೇಟ್ ಮುಂದೆ ಸಾಲು ನಿಂತೆ. ಕೈಯಲ್ಲಿ ದಪ್ಪ ಫೈಲು. ಆಡಳಿತ ಮಂಡಳಿಯ ನಿರಾಕ್ಷೇಪಣಾ ಪತ್ರ, ಸಂಬಳದ ಚೀಟಿಗಳು, ಅಮ್ಮನ ಹೆಸರಿನ ಜಾಗದ ಪಹಣಿ, ಮದುವೆ ನೋಂದಣಿ ಪತ್ರ, ಐ-130ರ ರಸೀದಿ, ಶಾಲೆಯ ರಜಾ ಸುತ್ತೋಲೆ. ಗಾಜಿನ ಆಚೆಯ ಅಧಿಕಾರಿ ಒಂದು ಹಾಳೆಯನ್ನೂ ಕೇಳಲಿಲ್ಲ. ಯಾಕೆ ಹೋಗುತ್ತೀರಿ, ಹೆಂಡತಿ ಎಷ್ಟು ವರ್ಷದಿಂದ ಅಲ್ಲಿದ್ದಾರೆ, ಪಿಟಿಷನ್ ಆಗಿದೆಯಲ್ಲ, ಮತ್ತೆ ಯಾಕೆ ವಾಪಸ್ ಬರುತ್ತೀರಿ. ಹತ್ತನೇ ತರಗತಿಯವರಿದ್ದಾರೆ, ಮೇ ಕೊನೆಗೆ ಶಾಲೆ ಶುರು ಎಂದೆ. ಕೀಬೋರ್ಡಿನಲ್ಲಿ ಏನೋ ಕುಟ್ಟಿ, ಪಾಸ್‌ಪೋರ್ಟ್ ಜತೆ ಒಂದು ಮುದ್ರಿತ ಹಾಳೆ ತಳ್ಳಿದರು. 214(ಬಿ). ನನ್ನ ಹಿಂದಿದ್ದವರು ಆಗಲೇ ಕಿಟಕಿಗೆ ಬಂದಿದ್ದರು.

ಮತ್ತೊಮ್ಮೆ ಹೋದಾಗ ಕೊಟ್ಟರು. ಅದೇ ಫೈಲು, ಅದೇ ಉತ್ತರ, ಬೇರೆ ಅಧಿಕಾರಿ. ಆಗಲೂ ಪಿಟಿಷನ್ ಇದೆ ಎಂದೇ ಬರೆದಿದ್ದೆ, ಹಿಂದಿನ ನಿರಾಕರಣೆಯನ್ನೂ ಬರೆದಿದ್ದೆ. ಯಾವ ಶಾಲೆ, ಯಾವ ತರಗತಿ, ಗಣಿತದಲ್ಲಿ ಮಕ್ಕಳಿಗೆ ಕಷ್ಟ ಯಾವುದು ಎಂದು ಕೇಳಿದರು. ತ್ರಿಕೋನಮಿತಿ ಎಂದೆ. ನಕ್ಕು ಪಾಸ್‌ಪೋರ್ಟ್ ಇಟ್ಟುಕೊಂಡರು. ಇದರಲ್ಲಿ ಸೂತ್ರ ಏನಾದರೂ ಇದ್ದರೆ ಗಣಿತ ಮಾಷ್ಟ್ರನಾದ ನನಗೇ ಮೊದಲು ಹೊಳೆಯಬೇಕಿತ್ತು, ಹೊಳೆದಿಲ್ಲ. ಇಬ್ಬರು ಮನುಷ್ಯರು, ಎರಡು ತೀರ್ಮಾನ, ಅಷ್ಟೇ. ಅದಕ್ಕೇ ಗ್ಯಾರಂಟಿ ಎನ್ನುವವನು ಸುಳ್ಳುಗಾರ ಎಂದು ನಾನು ಸಹಿ ಹಾಕಿ ಬರೆಯಬಲ್ಲೆ.

ವೀಸಾ ಸಿಕ್ಕಿತೆಂದರೆ ಒಳಗೆ ಬಿಟ್ಟರು ಎಂದಲ್ಲ, ಇದನ್ನೂ ಏಜೆಂಟರು ಹೇಳುವುದಿಲ್ಲ. ವಿಮಾನ ಇಳಿದ ಮೇಲೆ ಗಡಿ ಅಧಿಕಾರಿಯ ಪ್ರಶ್ನೆಗಳು ಮತ್ತೆ ಮೊದಲಿನಿಂದ ಶುರು, ಒಳಗೆ ಬಿಡುವುದು ಬಿಡದಿರುವುದು ಅವರಿಗೆ ಸೇರಿದ್ದು. ಶಿಕಾಗೊದ ಓಹೇರ್ ನಿಲ್ದಾಣದಲ್ಲಿ ಹೆಂಡತಿಗೆ ಗ್ರೀನ್ ಕಾರ್ಡ್, ಪಿಟಿಷನ್ ಬಾಕಿ ಎಂದ ಕೂಡಲೇ ನನ್ನನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಬ್ಯಾಗು ಬಿಚ್ಚಿಸಿದರು. ಅವರು ಹುಡುಕುವುದೇನೆಂದು ನನಗೆ ಮೊದಲೇ ಗೊತ್ತಿತ್ತು: ಮೂಲ ಅಂಕಪಟ್ಟಿಗಳು, ಕೆಲಸಕ್ಕೆ ಕೊಡುವ ಬಯೋಡಾಟಾ, ಮನೆ ಬಿಟ್ಟು ಬಂದವನ ಸಾಮಾನು. ಸಿಕ್ಕಿದ್ದು ಎರಡು ಜತೆ ಬಟ್ಟೆ, ಅತ್ತೆ ಕೊಟ್ಟ ಹಿತ್ತಾಳೆಯ ಸಣ್ಣ ದೀಪ, ಮತ್ತು ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕ. ರಜೆಯಲ್ಲಿ ಪಾಠ ಯೋಜನೆ ಬರೆದು ಮುಗಿಸೋಣವೆಂದು ಇಟ್ಟುಕೊಂಡಿದ್ದೆ, ಅಂಚಿನಲ್ಲೆಲ್ಲ ಪೆನ್ಸಿಲಿನ ಗುರುತು. ಅಧಿಕಾರಿ ಪುಟ ತಿರುಗಿಸಿ, ವೃತ್ತ ಮತ್ತು ಸ್ಪರ್ಶಕದ ಚಿತ್ರ ನೋಡಿ, ಇದು ಯಾವ ಭಾಷೆ ಎಂದರು. ಹೇಳಿದೆ. ವಾಪಸ್ ಟಿಕೆಟಿನ ದಿನಾಂಕ ನೋಡಿ ಮೊಹರು ಒತ್ತಿದರು. ಎಲ್ಲರಿಗೂ ಹೀಗೆ ಸಲೀಸಾಗುತ್ತದೆಂದು ಹೇಳಲಾರೆ, ಅಲ್ಲಿಂದಲೇ ಹಿಂದೆ ಕಳಿಸುವ ಅಧಿಕಾರ ಅವರಿಗಿದೆ. ಫಾರ್ಮಿನಲ್ಲಿ ಇಲ್ಲ ಎಂದು ಬರೆದು ಬಂದಿದ್ದರೆ ಆ ಕೋಣೆಯಲ್ಲಿ ನಾನು ಏನು ಹೇಳುತ್ತಿದ್ದೆ?

ಅಲ್ಲಿದ್ದ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವಳಿಗೆ ರಾತ್ರಿ ಪಾಳಿ, ಸಂಜೆ ಏಳರಿಂದ ಬೆಳಿಗ್ಗೆ ಏಳು. ಬಂದು ಮಲಗಿದರೆ ಮಧ್ಯಾಹ್ನ ಮೂರರವರೆಗೆ ನಾನು ಕುಕ್ಕರ್ ಕೂಗದಂತೆ ಅನ್ನ ಬೇಯಿಸುವುದು ಕಲಿತೆ.

ಅವಳೇ ಬಂದು ಇಲ್ಲಿರಬಹುದಲ್ಲ ಎಂದು ಕೇಳುವವರೂ ಇದ್ದಾರೆ. ಬರುತ್ತಾಳೆ, ಆದರೆ ಹೆಚ್ಚು ದಿನ ನಿಲ್ಲಲಾಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರು ಆರು ತಿಂಗಳು ಮೀರಿ ಹೊರಗಿದ್ದರೆ ಪೌರತ್ವಕ್ಕೆ ಬೇಕಾದ ನಿರಂತರ ವಾಸ ಕಡಿದುಹೋಯಿತೆಂದು ಹಿಡಿಯುತ್ತಾರೆ, ವರ್ಷ ದಾಟಿದರೆ ಕಾರ್ಡಿಗೇ ಸಂಚಕಾರ. ಐದು ವರ್ಷ ಪೂರೈಸಿ ಅವಳು ಪೌರತ್ವ ಪಡೆದರೆ ನನ್ನ ಅರ್ಜಿ ಈ ಸಾಲನ್ನೇ ಬಿಟ್ಟು ಸಂಖ್ಯಾಮಿತಿ ಇಲ್ಲದ ವರ್ಗಕ್ಕೆ ದಾಟುತ್ತದೆ. ಹಾಗಾಗಿ ಅವಳು ಇಲ್ಲಿ ಹೆಚ್ಚು ದಿನ ಉಳಿದಷ್ಟೂ ನಮ್ಮ ಒಟ್ಟಿಗಿನ ಬಾಳು ಮುಂದಕ್ಕೆ ಹೋಗುತ್ತದೆ. ಇನ್ನು ನಾನು ಅಲ್ಲೇ ಉಳಿದುಬಿಡುವುದು? ಅದನ್ನೂ ಸಲಹೆ ಕೊಟ್ಟ ಪುಣ್ಯಾತ್ಮರಿದ್ದಾರೆ. ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಬಿದ್ದರೆ ಮೂರು ವರ್ಷ, ಒಂದು ವರ್ಷ ಉಳಿದು ಹೊರಬಿದ್ದರೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ. 1996ರ ತಿದ್ದುಪಡಿ ಇದು.

ಈ ಅಗಲಿಕೆ ಅಮೆರಿಕಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. 2000ನೇ ಇಸವಿಯ ಕೊನೆಗೆ ಅಲ್ಲಿನ ಸಂಸತ್ತು ವಿ ಎಂಬ ವೀಸಾ ತಂದಿತ್ತು. ಗ್ರೀನ್ ಕಾರ್ಡ್ ಇದ್ದವರ ಗಂಡ, ಹೆಂಡತಿ, ಮಕ್ಕಳು ಮೂರು ವರ್ಷ ಕಾದಿದ್ದರೆ ಅಲ್ಲಿಗೇ ಬಂದು ಸರದಿ ಕಾಯಬಹುದಿತ್ತು. ಆದರೆ 2000ದ ಡಿಸೆಂಬರ್ 21ರೊಳಗೆ ಪಿಟಿಷನ್ ಹಾಕಿದವರಿಗೆ ಮಾತ್ರ ಎಂದು ಕಟ್ಟಿಹಾಕಿದರು, ಆಮೇಲೆ ಮುಂದುವರಿಸಲಿಲ್ಲ. ಕೆನಡಾದ ಕಾನೂನಿನಲ್ಲಿ ಮುಂದೆ ನೆಲೆಸುವ ಆಸೆ ಇದ್ದ ಮಾತ್ರಕ್ಕೆ ತಾತ್ಕಾಲಿಕ ಭೇಟಿಗೆ ಅಡ್ಡಿಯಿಲ್ಲ ಎಂದು ಸ್ಪಷ್ಟವಾಗಿ ಬರೆದೇ ಇದೆ. 2023ರ ಮೇ ತಿಂಗಳಲ್ಲಿ, ಗಂಡ ಹೆಂಡತಿಯ ಅರ್ಜಿ ಬಾಕಿ ಇರುವವರ ಭೇಟಿ ವೀಸಾಗಳಲ್ಲಿ ಹೆಚ್ಚಿನವನ್ನು 30 ದಿನದೊಳಗೆ ಇತ್ಯರ್ಥ ಮಾಡುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಮನಸ್ಸು ಮಾಡಿದರೆ ದಾರಿ ಇದೆ. ಆದರೆ ಅಮೆರಿಕದ ಸಂಸತ್ತಿಗೆ ಉಡುಪಿಯಿಂದ ಪತ್ರ ಬರೆದು ಪ್ರಯೋಜನವಿಲ್ಲ, ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಜಾಹೀರಾತು ವಿಭಾಗದವರು ವೀಸಾ ಕನ್ಸಲ್ಟೆನ್ಸಿಯವರಿಂದ ಕನಿಷ್ಠ ಕಚೇರಿಯ ವಿಳಾಸ ಮತ್ತು ನೋಂದಣಿ ಪತ್ರ ಕೇಳಲಿ, ಗ್ಯಾರಂಟಿ ಎಂದು ಬರೆದ ಜಾಹೀರಾತನ್ನು ತೆಗೆದುಕೊಳ್ಳದಿರಲಿ. ಪರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರಿಗೆ ನಮ್ಮ ದೇಶದ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ, ಅವರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ಆದರೆ ಭೇಟಿ ವೀಸಾದ ಫಾರ್ಮು ತುಂಬುವವರು ಆ ಕಾಯ್ದೆಯ ಹೊರಗಿದ್ದಾರೆ. ಪಂಜಾಬಿನಲ್ಲಿ 2012ರಲ್ಲೇ ಕಾನೂನು ತಂದು ಇಂಥ ಸಲಹೆಗಾರರಿಗೂ ಪರವಾನಗಿ ಕಡ್ಡಾಯ ಮಾಡಿದರು. ಇಷ್ಟು ಜನ ಹೊರದೇಶದಲ್ಲಿರುವ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಶಾಸಕರು ಅದನ್ನೊಮ್ಮೆ ತರಿಸಿ ಓದಬೇಕು. ಇಂಟರ್‌ವ್ಯೂ ಸ್ಲಾಟ್ ಹಿಡಿದುಕೊಡುತ್ತೇವೆ ಎನ್ನುವವರ ಕಥೆಯೂ ಬೇರೆಯಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿಯ ಅಮೆರಿಕ ರಾಯಭಾರ ಕಚೇರಿ, ಬಾಟ್ ಎಂಬ ತಂತಾನೇ ಓಡುವ ಸಾಫ್ಟ್‌ವೇರ್‌ಗಳ ಮೂಲಕ ಹಿಡಿದಿಟ್ಟ ಸುಮಾರು 2,000 ಅಪಾಯಿಂಟ್‌ಮೆಂಟುಗಳನ್ನು ರದ್ದು ಮಾಡಿತು. ದುಡ್ಡು ಕೊಟ್ಟು ಅಂಥ ಸ್ಲಾಟ್ ಕೊಂಡವರು ಯಾರ ಹತ್ತಿರ ಹೋಗಿ ಅಳಬೇಕು?

ಈಗಾಗಲೇ ಯಾರಾದರೂ ಏಜೆಂಟರ ಕೈಯಲ್ಲಿ ಫಾರ್ಮು ತುಂಬಿಸಿ ಇಂಟರ್‌ವ್ಯೂ ದಿನ ಕಾಯುತ್ತಿದ್ದರೆ, ತುಂಬಿದ ಡಿಎಸ್-160ರ ಪೂರ್ತಿ ಪ್ರತಿಯನ್ನು ಕೇಳಿ ಪಡೆಯಿರಿ. ದೃಢೀಕರಣದ ಒಂದು ಪುಟ ಸಾಕಾಗುವುದಿಲ್ಲ. ಅದರಲ್ಲಿ ಮೂರು ಉತ್ತರ ನೋಡಿ: ಪಿಟಿಷನ್ ಬಗ್ಗೆ ಏನು ಬರೆದಿದ್ದಾರೆ, ಅಮೆರಿಕದಲ್ಲಿರುವ ನಿಮ್ಮ ಗಂಡ ಅಥವಾ ಹೆಂಡತಿಯ ಸ್ಥಾನಮಾನ ಏನೆಂದು ಹಾಕಿದ್ದಾರೆ, ಸಹಾಯ ಮಾಡಿದವರ ಹೆಸರು ಇದೆಯೇ. ತಪ್ಪಿದ್ದರೆ ಹೊಸ ಫಾರ್ಮು ತುಂಬಿ, ಇಂಟರ್‌ವ್ಯೂಗೆ ಮೊದಲೇ ಅಪಾಯಿಂಟ್‌ಮೆಂಟಿಗೆ ಹೊಸ ನಂಬರು ಜೋಡಿಸಿಕೊಳ್ಳಿ. ಇಂಗ್ಲಿಷ್ ಓದಲು ಕಷ್ಟವಾಗುವವರು ಈ ಪತ್ರಿಕೆಯ ಕಚೇರಿಯಲ್ಲಿ ನನ್ನ ವಿಳಾಸ ಕೇಳಿ ಪಡೆಯಬಹುದು, ನನ್ನ ಅಭ್ಯಂತರವಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಶಾಲೆಯಲ್ಲೇ ಇರುತ್ತೇನೆ. ಪಾಸ್‌ಪೋರ್ಟ್ ಮತ್ತು ಪಿಟಿಷನ್ ರಸೀದಿ ಹಿಡಿದು ಬನ್ನಿ, ಒಂದೊಂದೇ ಪ್ರಶ್ನೆ ಓದಿ ಅರ್ಥ ಹೇಳುತ್ತೇನೆ. ಉತ್ತರ ನೀವೇ ಬರೆಯಬೇಕು.

ಇತಿ,
ಗಣಿತ ಶಿಕ್ಷಕ, ಕಾಪು ತಾಲೂಕು
(ಹೆಸರು ಪ್ರಕಟಣೆಗೆ ಬೇಡ)